ಮಾವನ ದನಿ ಇದ್ದ ಡಿಸ್ಕ್

ಗುರುವಾರ ಬೆಳಿಗ್ಗೆ ಸೊಸೆ ಕಂಪ್ಯೂಟರ್ ಹಾಕಿ ಫೈಲುಗಳಿದ್ದ ದೊಡ್ಡ ಡಿಸ್ಕ್ ತೆರೆದಳು. ಒಳಗೆ ಏನೂ ಇರಲಿಲ್ಲ. ಮುಚ್ಚಿ ಮತ್ತೆ ತೆರೆದಳು. ಖಾಲಿ.

ಅಲ್ಲಿದ್ದದ್ದು ಮಾವನ ದನಿ. ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಗಾಡಿ ಬರುವ ಹೊತ್ತನ್ನು ಮೈಕಿನಲ್ಲಿ ಹೇಳಿದವರು ಅವರು. ಎರಡು ವರ್ಷದ ಹಿಂದೆ, ಗಂಟಲಿನ ಆಪರೇಷನ್ನಿಗೆ ಮುಂಚೆ, ಹೊಸ ಡಿಸ್ಕ್ ತರಿಸಿ ಅದರ ತುಂಬ ಕಥೆ ಹೇಳಿಟ್ಟಿದ್ದರು. ಮೊಮ್ಮಗಳು ಆಗಿನ್ನೂ ಸೊಸೆಯ ಹೊಟ್ಟೆಯಲ್ಲಿದ್ದಳು. ಈಗ ಮಾವ ಸ್ಲೇಟಿನಲ್ಲಿ ಬರೆದು ಮಾತಾಡುತ್ತಾರೆ. ಆ ಕಥೆಗಳನ್ನು ಹಾಕಿ ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ.

ಭಾನುವಾರವಷ್ಟೇ ಸೊಸೆ ಆಮೆಯಂತೆ ತೆವಳುತ್ತಿದ್ದ ಹಳೆಯ ಸಿಸ್ಟಂ ಕಿತ್ತು ಲಿನಕ್ಸ್ ಹಾಕಿದ್ದಳು. ಕಾಸು ಕೇಳದ, ಯಾರು ಬೇಕಾದರೂ ಬಳಸಬಹುದಾದ ಸಿಸ್ಟಂ. ಅದು ಕೂತಿದ್ದು ಕಂಪ್ಯೂಟರಿನ ಇನ್ನೊಂದು, ಚಿಕ್ಕ ಡಿಸ್ಕಿನಲ್ಲಿ. ದೊಡ್ಡದನ್ನು ಮುಟ್ಟಿರಲಿಲ್ಲ. ಮುಟ್ಟಿರಲಿಲ್ಲ ತಾನೇ?

ಗಂಡ ರಿಪೇರಿ ಅಂಗಡಿಗೆ ಫೋನ್ ಮಾಡಿದ.

"ಆ ಬಿಟ್ಟಿ ಸಿಸ್ಟಂ ಎಲ್ಲಾ ತಿಂದುಹಾಕಿದೆ ಸಾರ್," ಎಂದ ರಿಪೇರಿಯವನು. "ಇನ್ನು ಅದರ ಆಸೆ ಬಿಡಿ."

"ನಾನು ಬೇಡ ಅಂತ ಬಡ್ಕೊಂಡೆ," ಎಂದ ಗಂಡ.

* * *

ಹತ್ತು ಗಂಟೆಗೆ ಅತ್ತಿಗೆ ಬಂದಳು. ಗಂಡನ ಅಕ್ಕ, ಪೊಲೀಸ್ ಸಬ್ ಇನ್ಸ್‌ಪೆಕ್ಟರ್. ಸಮವಸ್ತ್ರದಲ್ಲೇ ಇದ್ದಳು. ಕಳೆದುಹೋದದ್ದು ಅವಳ ಅಪ್ಪನ ದನಿ. ಬೈಗುಳಕ್ಕೆ ಸೊಸೆ ತಯಾರಾಗಿ ನಿಂತಳು.

"ಮೊದಲು ಕೂತ್ಕೋ," ಎಂದಳು ಅತ್ತಿಗೆ. "ಕೊನೇ ಸಲ ಆ ಫೈಲು ನೋಡಿದ್ದು ಯಾರು?"

ಸೊಸೆ ಗಂಡನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ. ಮೂಲೆಯಲ್ಲಿ ಬಳಪ ಗೀಚುವ ಸದ್ದಾಯಿತು. ಮಾವ ಸ್ಲೇಟು ಎತ್ತಿ ಹಿಡಿದರು.

*ನಾನು. ಸೋಮವಾರ. ಎಲ್ಲಾ ಇದ್ದವು.*

ಬೆಳಗಿನಿಂದ ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

"ಅಂದರೆ ಲಿನಕ್ಸ್ ಹಾಕಿದ ಮರುದಿನವೂ ಇದ್ದವು. ಆಮೇಲೆ ಇದನ್ನ ಮುಟ್ಟಿದ್ದು ಯಾರು?"

ಗಂಡ ಬಾಯಿಬಿಟ್ಟ. "ಸ್ಪೀಕರ್ ಮಾತಾಡ್ತಿರಲಿಲ್ಲ ಅಕ್ಕಾ. ಮಂಗಳವಾರ ಅಂಗಡಿಗೆ ಒಯ್ದೆ. ಸರಿಮಾಡಿಸಿ ನಿನ್ನೆ ತಂದೆ."

"ಅಷ್ಟೇನಾ? ಯಾಕೋ ಬೆವರ್ತಿದೀಯ?"

"ಹಾಗೇ ಹಳೇ ಸಿಸ್ಟಂ ವಾಪಸ್ ಹಾಕಿಬಿಡಿ ಅಂದೆ. ಇವಳಿಗೆ ಹೇಳಿರಲಿಲ್ಲ. ಆಗಲ್ಲ ಅಂದ, ಬಿಟ್ಟೆ."

ಸೊಸೆಗೆ ಮೈ ಉರಿಯಿತು. ಹಾಗಾದರೆ ಅಳಿಸಿದ್ದು ಇವನ ಅವಸರವೇ? ಅತ್ತಿಗೆ ಮಾತ್ರ ಅಲ್ಲವೆಂದು ತಲೆಯಾಡಿಸಿದಳು. "ಲಿನಕ್ಸ್ ಇನ್ನೂ ಇದೆಯಲ್ಲ. ಹಳೇದು ಹಾಕಿಲ್ಲ ಅಂತಾಯ್ತು. ಈ ಡಿಸ್ಕಿನ ಜಾತಕ ಎಲ್ಲಾದ್ರೂ ಸಿಗುತ್ತಾ?"

ಸಿಗುತ್ತಿತ್ತು. ಡಿಸ್ಕಿನ ಆರೋಗ್ಯ ತೋರಿಸುವ ಪುಟವನ್ನು ಸೊಸೆ ತೆರೆದಳು. ಡಿಸ್ಕ್ ಈವರೆಗೆ ಓಡಿದ ಸಮಯ: ನಲವತ್ತೊಂದು ಸಾವಿರ ಗಂಟೆ.

"ಎರಡು ವರ್ಷಕ್ಕೆ ಎಷ್ಟು ಗಂಟೆ?"

ಸೊಸೆ ಗುಣಿಸಿದಳು. "ಒಂದು ಕ್ಷಣ ನಿಲ್ಲದೆ ಓಡಿದ್ರೂ ಹದಿನೇಳೂವರೆ ಸಾವಿರ." ಆಮೇಲೆ ಅವಳ ಬಾಯಿ ತೆರೆದೇ ಉಳಿಯಿತು. "ಅತ್ತಿಗೆ, ಇದು ನಮ್ಮ ಡಿಸ್ಕೇ ಅಲ್ಲ!"

"ಅಲ್ಲ. ಗ್ಯಾರಂಟಿ ಕಾರ್ಡು ಹುಡುಕು. ಅದರಲ್ಲಿ ನಮ್ಮ ಡಿಸ್ಕಿನ ನಂಬರ್ ಇರುತ್ತೆ."

* * *

ಅಂಗಡಿ ಎರಡೇ ಬೀದಿಯಾಚೆ. ಅತ್ತಿಗೆ, ಸೊಸೆ, ಗಂಡ ಮೂವರೂ ಹೋದರು. ಸಮವಸ್ತ್ರ ಕಂಡದ್ದೇ ರಿಪೇರಿಯವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿತು. ಮೇಜಿನ ಮೇಲೆ ಯಾರದೋ ಸಿಸಿಟಿವಿ ಕ್ಯಾಮೆರಾ ರೆಕಾರ್ಡರ್ ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು. ಒಳಗೊಂದು ಡಿಸ್ಕ್. ಸ್ಕ್ರೂ ಬಿಗಿದಾಗಿತ್ತು, ವೈರು ಮಾತ್ರ ಇನ್ನೂ ಸಿಕ್ಕಿಸಿರಲಿಲ್ಲ.

ಅತ್ತಿಗೆ ಬಗ್ಗಿ ನಂಬರ್ ಓದಿದಳು. ಸೊಸೆ ಕಾರ್ಡ್ ಹಿಡಿದು ಒಂದೊಂದೇ ಅಂಕಿಗೆ ಬೆರಳಿಟ್ಟಳು. ಕೊನೆಯ ಅಂಕಿಯವರೆಗೂ ಸರಿಹೋಯಿತು.

"ಮೇಡಂ, ಅದು ಕೈತಪ್ಪಿ..."

"ಕೈತಪ್ಪಿ ನಾಲ್ಕು ಸ್ಕ್ರೂ ಬಿಗಿದ್ಯಾ?" ಎಂದಳು ಅತ್ತಿಗೆ. "ಹಗಲೂ ರಾತ್ರಿ ಓಡಿ ಸವೆದದ್ದು ಈ ರೆಕಾರ್ಡರಿನ ಹಳೇ ಡಿಸ್ಕ್. ಇದರ ಯಜಮಾನರ ಹತ್ತಿರ ಹೊಸದಕ್ಕೆ ದುಡ್ಡು ತಗೊಂಡೆ. ಹೊಸದು ತರೋ ಬದಲು ನಮ್ಮದು ಕಿತ್ತು ಇಲ್ಲಿ ಹಾಕಿದೆ. ಹಳೇದನ್ನ ಅಳಿಸಿ ನಮಗೆ ತಳ್ಳಿದೆ. ಮನೆಯವಳು ಏನೋ ಬಿಟ್ಟಿ ಸಿಸ್ಟಂ ಹಾಕಿದಾಳೆ ಅಂತ ನನ್ನ ತಮ್ಮನೇ ಹೇಳಿದ್ದ. ತಪ್ಪು ಹೊರಿಸೋಕೆ ತಲೆ ಸಿಕ್ಕಿತು. ಹೌದಾ?"

ಅವನು ನೆಲ ನೋಡುತ್ತಾ ಹೌದೆಂದು ತಲೆಯಾಡಿಸಿದ.

"ವೈರು ಸಿಕ್ಕಿಸಿದ್ರೆ?" ಸೊಸೆ ಕೇಳಿದಳು.

"ರೆಕಾರ್ಡರ್ ಎಲ್ಲಾ ಅಳಿಸಿಹಾಕ್ತಿತ್ತಮ್ಮ. ಸಂಜೆ ಸಿಕ್ಕಿಸೋನಿದ್ದೆ."

ಸೊಸೆ ಸ್ಟೂಲು ಎಳೆದುಕೊಂಡು ಕೂತಳು. ಗಂಡ ಮೆಲ್ಲಗೆ, "ತಪ್ಪಾಯ್ತು ಕಣೇ," ಎಂದ. ಅವನು ಕೈ ಚಾಚಿದಾಗ ಅವಳು ಹಿಡಿದುಕೊಂಡು ಎದ್ದಳು.

* * *

ರಿಪೇರಿಯವನು ಠಾಣೆಗೆ ಹೋದ. ಸಾಕ್ಷಿಯಾಗಿ ಉಳಿದ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಠಾಣೆಯಲ್ಲೇ ನಕಲು ಮಾಡಿಕೊಂಡು ಸೊಸೆಯೂ ಗಂಡನೂ ಮಧ್ಯಾಹ್ನ ಮನೆ ಸೇರಿದರು. ಸೊಸೆ ಮೊದಲನೆಯ ಕಥೆ ಹಾಕಿದಳು. ಸ್ಪೀಕರಿನಿಂದ ತುಂಬು ಗಂಟಲಿನ ದನಿ ಬಂತು. "ಕಂದಾ, ಕೇಳಿಸ್ತಿದೆಯಾ?"

ಎರಡು ತುಂಬದ ಮೊಮ್ಮಗಳು ಸ್ಪೀಕರಿನ ಹಿಂದೆ ಹೋಗಿ ಹುಡುಕಿದಳು. "ಯಾರು?"

ಮಾವ ಸ್ಲೇಟಿಗೆ ಕೈಹಾಕಲಿಲ್ಲ. ಎದೆ ಮುಟ್ಟಿ ತೋರಿಸಿದರು. ಮಗು ಬಂದು ಅವರ ತೊಡೆಯೇರಿ ಕೂತಿತು.

ಸೊಸೆಗೆ ಒಮ್ಮೆಲೇ ನೆನಪಾಯಿತು, ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ತಟ್ಟೆ ಹಿಡಿದು ಅಲ್ಲೇ ನೆಲದ ಮೇಲೆ ಕೂತು, ಕಥೆ ಕೇಳುತ್ತಾ, ಹೊಟ್ಟೆ ತುಂಬ ಉಂಡಳು.