ಕೆಂಪು ಕೊಡೆಯ ನೆರಳಿನಲ್ಲಿ

ಶರತ್ಕಾಲದ ಮಧ್ಯಾಹ್ನದ ಬಿಸಿಲಿಗೆ ಹೊಸ ಕೊಡೆಯನ್ನು ಬಿಚ್ಚಿ ಹಿಡಿದು ಸುಯಿ ಅದರಲ್ಲಿ ತೂತು ಹುಡುಕುತ್ತಿದ್ದಳು. ಎಣ್ಣೆ ಕುಡಿದ ಕೆಂಪು ಕಾಗದದಿಂದ ಇಳಿದ ಬೆಳಕು ಅಂಗಳದ ಕಲ್ಲಿನ ಮೇಲೆ ದುಂಡಗೆ ಬಿದ್ದಿತ್ತು. ಅದರೊಳಗೆ ಅವಳ ಎರಡು ಪಾದಗಳಿದ್ದವು. ಪಕ್ಕದಲ್ಲಿ ಇನ್ನೆರಡು ಪಾದಗಳಿದ್ದವು.

"ಆ ಕಡ್ಡಿ ಹತ್ರ ಅಂಟು ಇನ್ನೂ ಹಸಿ ಇದೆ, ಗುರುಪುತ್ರಿ," ಎಂದಿತು ಪಕ್ಕದ ದನಿ.

ಸುಯಿ ತಲೆಯೆತ್ತಲಿಲ್ಲ. ಅವಳನ್ನು ಹಾಗೆ ಕರೆಯುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ. ಹೋದ ವರ್ಷ ಮಳೆಗಾಲದ ಕೊನೆಗೆ ಅವನನ್ನು ನದಿಯಾಚೆಯ ಗುಡ್ಡದಲ್ಲಿ ಮಣ್ಣು ಮಾಡಿ ಬಂದಿದ್ದರು. ಪೆಟ್ಟಿಗೆಗೆ ಮುಚ್ಚಳ ಬೀಳುವ ಮುಂಚೆ ಅವನ ಕಾಲಿಗೆ ಬಟ್ಟೆಯ ಹೊಸ ಮೆಟ್ಟು ತೊಡಿಸಿದವಳು ಅವಳೇ. ಮದುವೆಗೆಂದು ಅವಳೇ ಹೊಲಿದಿದ್ದ ಮೆಟ್ಟು ಅದು. ಈಗ ಅದರ ಅಂಚಿಗೆ ಕೆಂಪು ಮಣ್ಣು ಮೆತ್ತಿತ್ತು.

"ಸತ್ತ ಮೇಲೂ ತಪ್ಪು ಹುಡುಕೋದು ಬಿಡಲಿಲ್ವಲ್ಲ ನೀನು," ಎಂದಳು. ಜೋರಾಗಿ ಹೇಳಬೇಕೆಂದಿದ್ದಳು, ದನಿ ಅರ್ಧಕ್ಕೇ ಒಡೆಯಿತು.

"ಬದುಕಿದ್ದಾಗ ನನ್ನ ಮಾತನ್ನ ಯಾವತ್ತು ಕೇಳಿದ್ದೆ, ಈಗ ಕೇಳೋಕೆ?"

ಆಗ ನೋಡಿದಳು. ಜೆಮಿಂಗ್ ನಿಂತಿದ್ದ. ಕೀಟಲೆ ಮಾಡುವಾಗ ಎಡಗಡೆಯ ಹುಬ್ಬನ್ನಷ್ಟೇ ಏರಿಸುವ ಅದೇ ಜೆಮಿಂಗ್. ಆದರೆ ಅವನ ಭುಜದ ಮೂಲಕ ಹಿಂದಿನ ಗೋಡೆಯ ಬಳ್ಳಿ ಕಾಣುತ್ತಿತ್ತು. ಅವನ ಕಡೆಗಿದ್ದ ಅವಳ ತೋಳಿಗೆ ಹಾಳು ಬಾವಿಯೊಳಗೆ ಬಗ್ಗಿದಾಗ ತಾಗುವಂಥ ತಂಪು ತಾಗುತ್ತಿತ್ತು. ಹೆದರಿ ಕೊಡೆ ಮಡಿಚಿದಳು. ಅಂಗಳದಲ್ಲಿ ಯಾರೂ ಇಲ್ಲ, ಒಂದು ಕೋಳಿ ಮಾತ್ರ. ಮತ್ತೆ ಬಿಚ್ಚಿದಳು.

"ಮನೆಗೆ ಬಂದವನ ಮುಖದ ಮೇಲೆ ಬಾಗಿಲು ಹಾಕ್ತಾರಾ?" ಎಂದ ಅವನು.

ಸುಯಿ ನಕ್ಕಳು. ಒಂದು ವರ್ಷದಿಂದ ನಗದ ಮುಖಕ್ಕೆ ನಗು ನೋವಾಯಿತು. ಆಮೇಲೆ ಕಲ್ಲಿನ ಮೇಲೆ ಕುಕ್ಕರಿಸಿ ಅತ್ತಳು. ಕೊಡೆಯನ್ನು ಮಾತ್ರ ವಾಲಿಸಲಿಲ್ಲ.

ಛೆಂಗ್ ಮನೆತನದ ಕೈಯಲ್ಲಿ ಎರಡು ವಿದ್ಯೆಗಳಿದ್ದವು: ಹತ್ತಿ ಅಂಗೈ ಮತ್ತು ಕೊಡೆ. ಹತ್ತಿ ಅಂಗೈ ಎಂಬ ಹೊಡೆತಕ್ಕೆ ಇಡೀ ನದೀಬಯಲಿನಲ್ಲಿ ಹೆಸರಿತ್ತು, ಹೆಸರಿನಿಂದ ಅನ್ನ ಬೇಯುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಹಾಗೆ ಸುಯಿಯ ಅಪ್ಪ ಛೆಂಗ್ ಗುರು ಬೆಳಿಗ್ಗೆ ಶಿಷ್ಯರಿಗೆ ವಿದ್ಯೆ ಕಲಿಸಿ, ಸಂಜೆ ಬಿದಿರು ಸೀಳುತ್ತಿದ್ದ. ಹಿರಿಯ ಶಿಷ್ಯ ಜೆಮಿಂಗನಿಗೇ ಮಗಳನ್ನು ಕೊಡುವುದೆಂದು ಮಾತಾಗಿತ್ತು. ಕಿರಿಯ ಶಿಷ್ಯ ಆಡುನ್. ಎಮ್ಮೆಯಂಥ ಮೈ, ಮಗುವಿನಂಥ ಬುದ್ಧಿ. ದೋಣಿಕಟ್ಟೆಯಲ್ಲಿ ಒಂದು ತಟ್ಟೆ ಕಡುಬಿಗೆ ಇಬ್ಬರೂ ಜಗಳವಾಡಿದರು, ಆಡುನ್ ಭುಜ ಹಿಡಿದು ತಳ್ಳಿದ, ಜೆಮಿಂಗ್ ಬಿದ್ದ, ರಕ್ತ ಕಾರಿದ, ಮೇಲೇಳಲಿಲ್ಲ. ಊರೆಲ್ಲ ನೋಡಿತ್ತು. ಈ ಸಲ ಮೊದಲ ಹಿಮ ಬಿದ್ದ ದಿನ ಆಡುನನ ತಲೆ ತೆಗೆಯಬೇಕೆಂದು ತೀರ್ಪಾಗಿತ್ತು.

ಅಷ್ಟರಲ್ಲಿ ಹಳೆಯ ನ್ಯಾಯಾಧಿಕಾರಿ ಹೋಗಿ ಪೇಯಿ ಎಂಬ ಹೊಸಬ ಬಂದ. ತಳ್ಳಿದ ಮಾತ್ರಕ್ಕೆ ಗಟ್ಟಿಮುಟ್ಟಾದ ಕುಸ್ತಿಯಾಳು ಸಾಯುತ್ತಾನೆಯೇ ಎಂದು ಅವನಿಗೆ ಅನುಮಾನ. ಗೋರಿ ತೆಗೆಸಿ ಮೂಳೆ ನೋಡಬೇಕೆಂದ. ಮೂಳೆ ನೋಡುವುದಕ್ಕೆ ಕೆಂಪು ಎಣ್ಣೆಕಾಗದದ ಕೊಡೆ ಬೇಕು. ಬದುಕಿದ್ದಾಗ ಬಿದ್ದ ಪೆಟ್ಟು ಆ ಬೆಳಕಿನಲ್ಲಷ್ಟೇ ಮೂಳೆಯ ಮೇಲೆ ಮೂಡುತ್ತದೆ. ಹಾಗೆಂದು ಛೆಂಗ್ ಮನೆಗೆ ಹೇಳಿ ಕಳಿಸಿದ್ದ ಕೊಡೆಯೇ ಇದು.

ಒಪ್ಪಿಸುವ ದಿನದವರೆಗೆ ಸುಯಿ ಅದನ್ನು ಕೈಬಿಡಲಿಲ್ಲ. ಬಿಸಿಲೇರಿದ ಕೂಡಲೇ ಹೊರಗೆ ಹೊರಡುತ್ತಿದ್ದಳು. ನದಿದಂಡೆಯಲ್ಲಿ ಅವರಿಬ್ಬರೂ ನಡೆಯುತ್ತಿದ್ದರು. ಅವರು ಹತ್ತಿರವಾದಂತೆ ಬಾತುಕೋಳಿಗಳು ಕೂಗು ನಿಲ್ಲಿಸಿ ಬೇರೆ ದಡಕ್ಕೆ ಹೋಗುತ್ತಿದ್ದವು.

"ಏನೇ ಸುಯಿ, ಮೋಡ ಇಲ್ಲ, ಮಳೆ ಇಲ್ಲ, ಯಾರಿಗೇ ಕೊಡೆ?" ಎಂದು ದೋಣಿಯವಳು ಕೂಗಿದಳು.

"ಬಿಸಿಲಿಗೆ, ಅತ್ತೆ."

"ಹಂಗಾದ್ರೆ ನಿನ್ನ ತಲೆ ಮೇಲೆ ಹಿಡ್ಕೋ ಮಗಳೇ. ಅರ್ಧ ಮೈ ಬಿಸಿಲಲ್ಲೇ ಬೇಯ್ತಾ ಇದೆ."

ಜೆಮಿಂಗ್ ಅವಳ ಕಿವಿಯ ಹತ್ತಿರ ಬಗ್ಗಿ, "ನನಗೆ ಜಾಸ್ತಿ ಜಾಗ ಬಿಟ್ಟಿದ್ದೀಯಾ ನೋಡು. ಬದುಕಿದ್ದು ಮದುವೆಯಾಗಿದ್ದರೆ ಹಾಸಿಗೆ ತುದಿಯಷ್ಟೂ ಬಿಡ್ತಿರಲಿಲ್ಲ ಅನ್ಸುತ್ತೆ," ಎಂದ.

"ಥೂ, ನಾಚಿಕೆ ಇಲ್ಲ."

"ಸತ್ತವರಿಗೆ ಅದೊಂದು ಅನುಕೂಲ."

ಅವಳ ಮುಖ ಕೊಡೆಗಿಂತ ಕೆಂಪಾಯಿತು. ಅವನು ನೋಡುತ್ತಲೇ ಇದ್ದ, ರೆಪ್ಪೆ ಬಡಿಯದೆ. ಅವನ ಕಣ್ಣಿಗೆ ಈಗ ರೆಪ್ಪೆ ಬಡಿಯುವ ಅಗತ್ಯವೇ ಇಲ್ಲ ಎಂದು ಸುಯಿಗೆ ಹೊಳೆಯಿತು. ಆದರೂ ಅವಳಾಗಿ ನೋಟ ಸರಿಸಲಿಲ್ಲ.

"ಹೋದ ವರ್ಷ ಬೇಸಿಗೆಯಲ್ಲಿ ಹಿರಿಯರ ಗೋರಿ ಗುಡಿಸಿ ದೋಣಿಯಲ್ಲಿ ವಾಪಸ್ ಬಂದ್ವಲ್ಲ, ಆ ದಿನ ನೆನಪಿದೆಯಾ?" ಎಂದಳು. "ನನ್ನ ಅಂಗೈಗೆ ಸೊಳ್ಳೆಯೂ ಸಾಯಲ್ಲ ಅಂತ ನೀನಂದೆ. ನಾನು ಎದೆಗೆ ಒಂದು ಕೊಟ್ಟೆ. ಅಯ್ಯೋ ಸತ್ತೆ ಅಂತ ದೋಣಿಯಲ್ಲಿ ಅಂಗಾತ ಬಿದ್ದೆಯಲ್ಲ, ಕಳ್ಳ! ನಗು ತಡೆಯೋಕಾಗದೆ ನಾನೇ ನೀರಿಗೆ ಬೀಳ್ತಿದ್ದೆ."

ಜೆಮಿಂಗ್ ನಗಲಿಲ್ಲ. "ಗಾಳಿ ಬರ್ತಿದೆ. ಕೊಡೆ ಗಟ್ಟಿಯಾಗಿ ಹಿಡ್ಕೋ," ಎಂದ.

ಮೂಳೆ ನೋಡುವ ಹಿಂದಿನ ದಿನ ಅವಳು ಸೆರೆಮನೆಗೆ ಅನ್ನ ತೆಗೆದುಕೊಂಡು ಹೋದಳು. ಬಾಗಿಲಲ್ಲಿ ಆಡುನನ ತಾಯಿ ಕೂತಿದ್ದಳು. ವರ್ಷವಿಡೀ ಕೂತು ಆ ಜಾಗದ ಕಲ್ಲು ನುಣುಪಾಗಿತ್ತು. ಕಂಬಿಯೊಳಗೆ ಆಡುನ್ ಅರ್ಧಕ್ಕರ್ಧ ಇಳಿದುಹೋಗಿದ್ದ.

"ಅಕ್ಕಾ, ನಾನೇ ಕೊಂದೆ. ಅಣ್ಣನಿಗೆ ತೊಂದರೆ ಕೊಡಬೇಡ, ಮೂಳೆ ಮಣ್ಣಲ್ಲೇ ಇರಲಿ," ಎಂದ. "ಭುಜ ಹಿಡಿದು ತಳ್ಳಿದ್ದು ಅಷ್ಟೇ. ಆದರೆ ಅಣ್ಣ ಬೇಸಿಗೆಯಿಂದಲೇ ಸರಿ ಇರಲಿಲ್ಲ. ಅಕ್ಕಿಮೂಟೆ ಎತ್ತೋಕಾಗದೆ ನನ್ನ ಕೈಲಿ ಎತ್ತಿಸ್ತಿದ್ದ. ಕೆಮ್ಮು ಬಂದ್ರೆ ನಿನಗೆ ಗೊತ್ತಾಗಬಾರದು ಅಂತ ಹಿತ್ತಿಲಿಗೆ ಓಡ್ತಿದ್ದ. ಅಂಥವನನ್ನ ತಳ್ಳಿದೆನಲ್ಲ ಅಕ್ಕಾ."

ದಾರಿಯಲ್ಲಿ ಅವಳು ಕೊಡೆ ಬಿಚ್ಚಿದಳು. ಜೆಮಿಂಗ್ ಈ ಸಲ ಕೀಟಲೆ ಮಾಡಲಿಲ್ಲ.

"ನಾಳೆ ಇದನ್ನ ಕೊಡಬೇಡ, ಸುಯಿ."

ಅವನು ಹೆಸರು ಹಿಡಿದು ಕರೆದದ್ದೇ ಅಪರೂಪ. ಅವಳು ನಿಂತಳು.

"ಹರಿದುಹೋಯ್ತು ಅನ್ನು, ಇಲಿ ಕಡೀತು ಅನ್ನು. ಇನ್ನೊಂದು ಮಾಡಿ ಒಣಗಿಸೋ ಹೊತ್ತಿಗೆ ಹಿಮ ಬಿದ್ದಿರುತ್ತೆ."

"ಹಿಮ ಬಿದ್ದರೆ ಆಡುನನ ತಲೆ ಹೋಗುತ್ತೆ."

"ಮೂಳೆ ಮಾತಾಡಿದ ಮೇಲೆ ನಾನು ಇರೋಕಾಗಲ್ಲ. ಕೊಡೆ ನಿನ್ನ ಹತ್ರ ಇದ್ದರೆ ನಾನೂ ಇರ್ತೀನಿ. ನೀನು ಮುದುಕಿ ಆಗೋವರೆಗೂ."

ಸುಯಿಗೆ ಆಸೆಯಾಯಿತು. ಸುಳ್ಳು ಯಾಕೆ, ಬಹಳ ಆಸೆಯಾಯಿತು. ದಿನವೂ ಮಧ್ಯಾಹ್ನ ಈ ಕೆಂಪು ನೆರಳು, ಈ ದನಿ, ಈ ಏರಿಸಿದ ಹುಬ್ಬು. ಒಂದು ಕಾಗದ ಹರಿದರೆ ಸಾಕು. ಅವಳ ಉಗುರು ಕಾಗದದ ಅಂಚನ್ನು ಮುಟ್ಟಿಯೂ ಆಗಿತ್ತು. ಆದರೆ ಆ ತಾಯಿ ಕೂತ ಕಲ್ಲು ಕಣ್ಣಿಂದ ಸರಿಯಲಿಲ್ಲ.

"ನೀನು ಇಂಥವನಲ್ಲ," ಎಂದಳು. "ಜಗಳವಾಡಿದರೂ ಕೊನೆಗೆ ನಿನ್ನ ಪಾಲಿನ ಕಡುಬೂ ಅವನ ತಟ್ಟೆಗೆ ಹಾಕ್ತಿದ್ದವನು. ಏನನ್ನ ಮುಚ್ಚಿಡ್ತಿದ್ದೀಯಾ?"

"ಕೇಳಬೇಡ. ನಿನ್ನನ್ನ ಯಾವತ್ತೂ ಏನೂ ಬೇಡಿಲ್ಲ ನಾನು. ಇದೊಂದು."

ಅವಳು ಅವನ ಮುಖವನ್ನೇ ನೋಡುತ್ತ, ಮಗುವಿನ ಮೇಲೆ ಹೊದಿಕೆ ಎಳೆಯುವಷ್ಟು ಮೆಲ್ಲಗೆ, ಕೊಡೆ ಮಡಿಚಿದಳು.

ಮರುದಿನ ನದಿದಂಡೆಯ ಬಯಲಿಗೆ ಊರಿಗೆ ಊರೇ ಬಂದಿತ್ತು. ಮೂಳೆಗಳನ್ನು ತೊಳೆದು, ಅಕ್ಕಿಮದ್ಯ ಮತ್ತು ಹುಳಿನೀರಿನ ಹಬೆಯಲ್ಲಿಟ್ಟು, ಬಿಳಿ ಚಾಪೆಯ ಮೇಲೆ ಮಲಗಿದ ಮನುಷ್ಯನ ಹಾಗೆ ಜೋಡಿಸಿದ್ದರು. ಕೊಡೆ ಹಿಡಿಯಲು ಸುಯಿಯೇ ಮುಂದೆ ಬಂದಳು. ನ್ಯಾಯಾಧಿಕಾರಿ ಪೇಯಿ ಒಂದು ಗಳಿಗೆ ಅವಳನ್ನು ನೋಡಿ ತಲೆಯಾಡಿಸಿದ.

ಕೊಡೆ ಬಿಚ್ಚಿಕೊಂಡಿತು. ಚಾಪೆಯ ಮೇಲೆ ಜೆಮಿಂಗನ ಮೂಳೆಗಳು. ಅವಳ ಪಕ್ಕದಲ್ಲಿ ಜೆಮಿಂಗ್.

"ಕಣ್ಣು ಮುಚ್ಕೋ," ಎಂದ ಅವನು. "ನಿನ್ನ ಕಾಲು ಹಿಡ್ಕೋತೀನಿ, ಸುಯಿ, ಕಣ್ಣು ಮುಚ್ಕೋ."

ಭುಜದ ಮೂಳೆಯಲ್ಲಿ ಪೆಟ್ಟಿನ ಗುರುತೇನೂ ಇರಲಿಲ್ಲ. ಆಡುನನ ತಾಯಿ ಅಷ್ಟಕ್ಕೇ ಗೋಳೋ ಎಂದಳು. ಆಮೇಲೆ ಪೇಯಿ ಎದೆಯ ಮೂಳೆಯ ಮೇಲೆ ಬಾಗಿದ. ಕೆಂಪು ಬೆಳಕಿನಲ್ಲಿ ಅಲ್ಲೊಂದು ಗುರುತು ನಿಧಾನವಾಗಿ ಮೂಡುತ್ತಿತ್ತು. ಐದು ಬೆರಳು, ಒಂದು ಅಂಗೈ.

"ಹತ್ತಿ ಅಂಗೈ," ಎಂದ ಛೆಂಗ್ ಗುರು. ಮುದುಕನ ತುಟಿ ಬೆಳ್ಳಗಾಗಿತ್ತು. "ತಿಂದವನಿಗೆ ಹೊಡೆತ ಅಂತಲೇ ಗೊತ್ತಾಗಲ್ಲ ಸ್ವಾಮಿ. ನಗ್ತಾ ಮನೆಗೆ ಹೋಗ್ತಾನೆ. ಒಳಗೇ ಇಳೀತಾ ಇಳೀತಾ ಒಂದು ಋತು ಕಳೆದ ಮೇಲೆ ಬೀಳ್ತಾನೆ."

"ಯಾರ ಕೈ?"

"ನನ್ನದೇ. ಬೇರೆ ಯಾರಿಗೂ, ನನ್ನ ಶಿಷ್ಯರಿಗೂ, ಆ ವಿದ್ಯೆ ಇನ್ನೂ ಕೈಹತ್ತಿಲ್ಲ."

ಪೇಯಿ ಅವನ ಕೈ ಹಿಡಿದು ಗುರುತಿನ ಮೇಲಿಟ್ಟ. ಬೆರಳುಗಳು ಎಷ್ಟೋ ಹೊರಗೆ ಚಾಚಿದವು. ಆಡುನನ ಮೊರದಗಲದ ಕೈಯನ್ನಂತೂ ಇಟ್ಟು ನೋಡುವುದೇ ಬೇಕಿರಲಿಲ್ಲ.

ಸುಯಿಗೆ ಎಲ್ಲ ಗೊತ್ತಾಯಿತು. ಯಾರೂ ಹೇಳಬೇಕಾಗಲಿಲ್ಲ. ಹೆಣ್ಣುಮಕ್ಕಳಿಗೆ ಈ ವಿದ್ಯೆ ಹತ್ತುವುದಿಲ್ಲ ಎಂದು ಅಪ್ಪ ಯಾವತ್ತೂ ಅವಳ ಕೈಯನ್ನು ಪರೀಕ್ಷೆ ಮಾಡಿರಲಿಲ್ಲ. ಅವಳೂ ನಂಬಿದ್ದಳು. ಬಾಗಿಲ ಸಂದಿಯಿಂದ ಕಲಿತದ್ದನ್ನು, ಬರುವುದಿಲ್ಲ ಎಂದುಕೊಂಡೇ, ದೋಣಿಯಲ್ಲಿ ನಗುತ್ತ ಅವನ ಎದೆಗೆ ಹೊಡೆದಿದ್ದಳು.

"ಬೇಡ ಸುಯಿ. ನಿನ್ನ ಅಪ್ಪ ಹೇಳಿದ್ದೇ ಇರಲಿ," ಎಂದ ಜೆಮಿಂಗ್.

ಅವಳು ಮಂಡಿಯೂರಿ, ಒಂದು ಕೈಯಲ್ಲಿ ಕೊಡೆ ಹಿಡಿದೇ ಇನ್ನೊಂದನ್ನು ಮೂಳೆಯ ಮೇಲಿಟ್ಟಳು. ಬೆರಳಿಗೆ ಬೆರಳು, ಅಂಗೈಗೆ ಅಂಗೈ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು.

ಪೇಯಿ ಬಾಗಿ ಆ ಕೈಯನ್ನೇ ನೋಡಿದ.

"ನಾನು," ಎಂದಳು. "ಆಡುನ್ ಅಲ್ಲ, ಅಪ್ಪ ಅಲ್ಲ. ನನ್ನ ಕೈ. ದೋಣಿಯಲ್ಲಿ ಆಟಕ್ಕೆ ಹೊಡೆದೆ." ಆಮೇಲೆ ಪಕ್ಕಕ್ಕೆ ತಿರುಗಿ, ಅವನಿಗಷ್ಟೇ ಕೇಳುವ ಹಾಗೆ, "ನಿನಗೆ ಗೊತ್ತಿತ್ತು. ನನ್ನ ನೋಡೋಕೆ ಬಂದೆ ಅಂದುಕೊಂಡಿದ್ದೆ. ಇದನ್ನ ಮುಚ್ಚೋಕೆ ಬಂದೆಯಾ?"

"ಮಣ್ಣಿಗೆ ಹೋದ ಮೇಲೆ ಗೊತ್ತಾಯ್ತು. ಆಗಿಂದ ನಿದ್ದೆ ಬಂದಿಲ್ಲ. ನೀನು ಆ ಕೈಯಲ್ಲಿ ಅನ್ನ ತಿನ್ನಬೇಕಲ್ಲ, ತಲೆ ಬಾಚ್ಕೋಬೇಕಲ್ಲ. ಅದನ್ನ ನೋಡಿದಾಗೆಲ್ಲ ನೀನು ಸಾಯಬಾರದು ಅಂತ ಬಂದೆ." ಅವನ ದನಿ ತೆಳ್ಳಗಾಗುತ್ತಿತ್ತು. "ಆಡುನನಿಗೆ ಅನ್ಯಾಯ ಮಾಡಿದೆ. ನಿನ್ನ ಮುಂದೆ ನನಗೆ ಯಾವತ್ತೂ ನ್ಯಾಯ ನೆನಪಾಗಲಿಲ್ಲ. ನಿನ್ನ ನೋಡೋಕೆ ಬಂದಿದ್ದೂ ನಿಜ, ಗುರುಪುತ್ರಿ. ಅದೇ ಜಾಸ್ತಿ ನಿಜ."

"ನೋವಾಯ್ತಾ?"

"ಆ ದಿನ ನೀನು ನನ್ನನ್ನ ಮೊದಲನೇ ಸಲ ಮುಟ್ಟಿದ್ದು. ನೋವು ಯಾರು ನೋಡ್ತಾರೆ?"

ಕಾವಲಿನವರು ಕರೆತಂದಿದ್ದ ಆಡುನನ ಕೊರಳಿಗೆ ಬಿಗಿದಿದ್ದ ಕೈದಿಯ ಮರದ ಹಲಗೆ ಬಿಚ್ಚಿದರು. ಅವನು ಬಯಲಿನಲ್ಲಿ ಕೂತು ಹೋರಿಯಂತೆ ಅತ್ತ. ಪೇಯಿ, ಆಟದಲ್ಲಿ ಆದ ಸಾವಿಗೆ ತಲೆ ತೆಗೆಯುವುದಿಲ್ಲ, ಸುಯಿಗೆ ಮೂರು ವರ್ಷ ಗಡಿಪಾರು ಎಂದ. "ಕೊಡೆ ಮಡಿಚು ತಾಯಿ. ಕೆಲಸ ಮುಗೀತು."

"ಒಂದು ಗಳಿಗೆ ಕೊಡಿ ಸ್ವಾಮಿ."

ಆ ಊರಿನಲ್ಲಿ ಮದುಮಗಳು ಗಂಡನ ಹೊಸಿಲು ದಾಟುವುದೂ ಕೆಂಪು ಕೊಡೆಯ ಕೆಳಗೇ. ಆಕಾಶ ಭೂಮಿಗೆ, ಹಿರಿಯರಿಗೆ, ಕೊನೆಗೆ ಒಬ್ಬರಿಗೊಬ್ಬರು ಬಾಗಿದರೆ ಅಲ್ಲಿ ಮದುವೆಯಾದಂತೆ. ಸುಯಿ ಎದ್ದು ಆಕಾಶಕ್ಕೂ ಭೂಮಿಗೂ ಬಾಗಿದಳು. ತಿರುಗಿ ಅಪ್ಪನಿಗೆ ಬಾಗಿದಳು. ಆಗ ಜನಕ್ಕೆ ಅರ್ಥವಾಯಿತು, ದೋಣಿಯವಳು ಸೆರಗು ಬಾಯಿಗಿಟ್ಟುಕೊಂಡಳು. ಛೆಂಗ್ ಗುರು ಹರಸಲು ಕೈಯೆತ್ತಿದ. ಕೊನೆಯದಾಗಿ ಅವಳು, ಜನರಿಗೆ ಖಾಲಿಯಾಗಿ ಕಂಡ ಪಕ್ಕದ ನೆರಳಿಗೆ ಬಾಗಿದಳು. ಜೆಮಿಂಗನೂ ಅವಳಿಗೆ ಬಾಗಿದ. ಇಬ್ಬರ ಹಣೆಗಳೂ ತಾಗುವಷ್ಟು ಹತ್ತಿರ ಬಂದವು. ಅವಳಿಗೆ ತಂಪು ತಾಗಲಿಲ್ಲ. ಬಿಸಿಲಷ್ಟೇ ತಾಗಿತು.

ತಲೆಯೆತ್ತಿದಾಗ ನೆರಳಿನಲ್ಲಿ ಅವಳೊಬ್ಬಳೇ ಇದ್ದಳು. ಕೊಡೆಯನ್ನು ತಾನೇ ಮಡಿಚಿ ಕಟ್ಟಿದಳು.

ಗುಮಾಸ್ತ ಕುಂಚ ಹಿಡಿದು ಕೂತಿದ್ದ. "ಛೆಂಗ್ ಮನೆಯ ಕನ್ಯೆ, ಅಂತ ಬರ್ಕೊಳ್ಳಲಾ?"

"ಕನ್ಯೆ ಅಲ್ಲ. ಲಿಯಾಂಗ್ ಮನೆಯ ಜೆಮಿಂಗನ ಹೆಂಡತಿ."

ಪೇಯಿ ಹತ್ತಿರ ಬಂದು ದನಿ ತಗ್ಗಿಸಿದ. "ಹಾಗೆ ಬರೆಸಬೇಡಮ್ಮ. ಕನ್ಯೆ ಅಂದರೆ ಮೂರು ವರ್ಷ, ವಾಪಸ್ ಬರ್ತೀಯಾ. ಹೆಂಡತಿ ಕೈಯಿಂದ ಗಂಡ ಸತ್ತರೆ ಕಾನೂನು ಬೇರೆ. ಜೀವಮಾನ ಪೂರ್ತಿ ಗಡಿಯಲ್ಲೇ ಇರಬೇಕಾಗುತ್ತೆ. ಅವನೀಗ ಇಲ್ಲ. ಯಾರಿಗೋಸ್ಕರ?"

ಸುಯಿ ತನ್ನ ಬಲಗೈಯನ್ನು ನೋಡಿಕೊಂಡಳು. ಅದನ್ನು ದ್ವೇಷಿಸಲು ಅವಳಿಗಾಗಲಿಲ್ಲ.

"ಹೆಂಡತಿ ಅಂತಲೇ ಬರೀರಿ," ಎಂದಳು.

ಗುಮಾಸ್ತ ಕುಂಚವನ್ನು ಮಸಿಯಲ್ಲಿ ಅದ್ದಿ ಹಾಗೆಯೇ ಬರೆದ.