ಎರಡು ಸಲ ಕೆಟ್ಟ ಅಚ್ಚು

ಗಾಯಕಿ ಮತ್ತೆ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದಾಗ ಅವನ ಎದೆ ಧಸಕ್ಕೆಂದಿತು. ಅರ್ಧ ಖುಷಿಗೆ, ಅರ್ಧ ಭಯಕ್ಕೆ.

"ಮತ್ತೆ ಅದೇ ಕಥೆ," ಎಂದು ಅವಳು ಪುಟ್ಟ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಹಾಡೋಕೆ ಶುರು ಮಾಡಿದ ತಕ್ಷಣ ಸಡಿಲ ಆಗುತ್ತೆ. ಬೇಸ್ ಪೂರ್ತಿ ಮಾಯ."

ಡಬ್ಬಿಯಲ್ಲಿದ್ದದ್ದು ಇನ್-ಇಯರ್ ಮಾನಿಟರ್. ವೇದಿಕೆಯ ಗದ್ದಲದಲ್ಲಿ ಗಾಯಕರು ತಮ್ಮ ಹಾಡನ್ನು ತಾವೇ ಕೇಳಿಸಿಕೊಳ್ಳಲು ಕಿವಿಯ ಅಳತೆಗೆ ಮಾಡಿಸಿಕೊಳ್ಳುವಂಥದ್ದು. ಬಿಗಿಯಾಗಿ ಕೂರದಿದ್ದರೆ ಬೇಸ್, ಅಂದರೆ ತಗ್ಗಿನ ದನಿ, ಸೋರಿಹೋಗುತ್ತದೆ. ಸ್ಯಾಂಪಲ್ ಮಾನಿಟರ್‌ಗಳನ್ನೆಲ್ಲ ಒಂದೊಂದಾಗಿ ಕೇಳಿಸಿ, ಅವಳ ಧ್ವನಿಗೆ ಒಪ್ಪುವುದನ್ನು ಆರಿಸಿಕೊಟ್ಟವನು ಅವನೇ. ಕಿವಿಗೆ ಸಿಲಿಕೋನ್ ತುಂಬಿ ಅಚ್ಚು ತೆಗೆದವನೂ ಅವನೇ. ಮೊದಲನೆಯದು ಕೆಟ್ಟಿತು, ಎರಡನೆಯದೂ ಕೆಟ್ಟಿತು. ಅವಳ ಕಿವಿಯ ಹತ್ತಿರ ಬಗ್ಗಿದರೆ ಸಾಕು, ಕಲಿತ ಕೆಲಸವೆಲ್ಲ ಮರೆತುಹೋಗುತ್ತದೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಅಂಗಡಿ ಅವನ ಅಕ್ಕನದು. "ಈ ಸಲಾನೂ ಆಗದಿದ್ರೆ ಬೇರೆ ಕಡೆ ಕಳಿಸಿಬಿಡು," ಎಂದಳು ಒಳಗಿನಿಂದಲೇ. "ಪಾಪ, ಅವಳ ಟೂರ್ ಹಾಳುಮಾಡ್ಬೇಡ."

ಬೇರೆ ಕಡೆ ಹೋದರೆ ಅವಳು ಮತ್ತೆ ಈ ಬಾಗಿಲು ತಳ್ಳುವುದಿಲ್ಲ.

"ಹಾಕ್ಕೊಂಡು ಹಾಡಿ, ನೋಡೋಣ," ಎಂದು ಟ್ರ್ಯಾಕ್ ಹಾಕಿದ.

ಅವಳು ಅಗಲಿಕೆಯ ಹಾಡೊಂದನ್ನು ಎತ್ತಿಕೊಂಡಳು. ಮುಖ ಬಾಡಿತು, ತುಟಿ ಇಳಿಯಿತು. "ನೋಡಿ, ಹೋಯ್ತು."

"ನನ್ನ ಹಣೆಬರಹ! ಇವತ್ತು ಅಕ್ಕ ನನ್ನ ಕಿವಿ ಹಿಂಡ್ತಾಳೆ, ಸೊಟ್ಟಗಾದ ಕಿವಿಗೆ ನನಗೂ ಒಂದು ಜೊತೆ ಮಾಡಿಸ್ಬೇಕು," ಎಂದ ಅವನು.

ಅವಳಿಗೆ ನಗು ತಡೆಯಲಾಗಲಿಲ್ಲ. "ಅರೆ! ಬೇಸ್ ಬಂತು!" ನಗು ನಿಂತಿತು. "ಹೋಯ್ತು."

ನಕ್ಕರೆ ಕೆನ್ನೆ ಏರುತ್ತದೆ, ದವಡೆ ಸರಿಯುತ್ತದೆ, ಕಿವಿಯೊಳಗಿನ ಆಕಾರವೇ ಬದಲಾಗುತ್ತದೆ. ಈ ಅಚ್ಚು ಕೂರುತ್ತಿರುವುದು ನಗುವ ಕಿವಿಗೆ. ಅಚ್ಚು ತೆಗೆಯುವಾಗ ಅವನು ನೋಡಿದ್ದು ಕಿವಿಯನ್ನು ಮಾತ್ರ. ಮುಖ ನೋಡುವ ಧೈರ್ಯ ಇರಲಿಲ್ಲ.

"ಅಚ್ಚು ತೆಗೆಯೋವಾಗ ನಗ್ತಿದ್ರಾ?"

ಅವಳು ತಲೆ ತಗ್ಗಿಸಿದಳು.

"ಎರಡು ಸಲಾನೂ?"

"ಎರಡು ಸಲಾನೂ." ಕೆನ್ನೆ ಕೆಂಪಾಗಿತ್ತು. "ನಾನೇನು ಮಾಡ್ಲಿ? ಉಸಿರು ಬಿಗಿಹಿಡ್ಕೊಂಡು ಹತ್ರ ಬರ್ತೀರಿ, ಅಲ್ಲಾಡ್ಬೇಡಿ ಅಂತೀರಿ. ನನ್ನ ಮುಖ ನನ್ನ ಮಾತೇ ಕೇಳಲ್ಲ. ನೀವಂದ್ರೆ ಇಷ್ಟ ರೀ, ಇನ್ನು ಹೇಗೆ ಹೇಳ್ಲಿ?"

"ನನಗೂ..." ಎಂದ ಅವನು. ಹೊಸ ಅಚ್ಚಿಗೆಂದು ಸಿಲಿಕೋನ್ ತುಂಬಿದ ಸಿರಿಂಜ್ ಎತ್ತಿಕೊಂಡ, ಅದೂ ತಿರುಗುಮುರುಗಾಗಿ. ಅವಳು ಗಂಭೀರವಾಗಿ ಕಣ್ಣು ಮುಚ್ಚಿದಳು. ತುಟಿಯ ತುದಿ ಮಾತ್ರ ತಾನಾಗಿ ಮೇಲೆದ್ದಿತು.

ಅಕ್ಕ ಹೊರಬಂದು ಇಬ್ಬರನ್ನೂ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಇದು ಈ ಜನ್ಮದಲ್ಲಿ ನಿನ್ನ ಕೈಲಿ ಆಗಲ್ಲ. ಸಿರಿಂಜ್ ಕೊಡು. ಹೊರಗೆ ನಡಿ."

ಅವನು ಫುಟ್‌ಪಾತ್ ಮೇಲೆ ನಿಂತು ಗಾಜಿನೊಳಗೆ ಇಣುಕಿದ.

"ಅಲ್ಲೂ ನಿಲ್ಬೇಡ ಕಣೋ!" ಅಕ್ಕ ಕೂಗಿದಳು. "ಇವಳಿನ್ನೂ ನಗ್ತಿದ್ದಾಳೆ. ಆ ತಿರುವು ದಾಟಿ ಹೋಗು!"

ಅವನು ಹೋದ. ತಿರುವಿನಾಚೆ ಯಾರದೋ ಮನೆಯ ಕಾಂಪೌಂಡಿಗೆ ಒರಗಿ, ಬೇಡಬೇಡವೆಂದರೂ ಒಬ್ಬನೇ ನಗುತ್ತಾ ನಿಂತ.