ಗಾಡಿ ಕೆಟ್ಟರೆ ಎಲ್ಲಿಗೆ?

ಚಳಿ ಹಿಂದೆ ಸರಿದು, ಬಿಸಿಲು ಇನ್ನೂ ಸುಡಲು ಶುರುಮಾಡದ ದಿನಗಳು. ಒಂದು ಸೋಮವಾರ, ಬೆಳಗ್ಗೆ ಎಂಟೂಕಾಲು ಗಂಟೆ. ನಾಲ್ಕು ರಸ್ತೆ ಕೂಡುವ ಸಿಗ್ನಲ್ಲಿನ ನಟ್ಟನಡುವೆ ಅವಳ ಕಾರು ನಿಂತುಹೋಯಿತು.

ಕೀಲಿ ತಿರುಗಿಸಿದಳು. ಒಮ್ಮೆ ಕೆಮ್ಮಿತು. ಮತ್ತೆ ತಿರುಗಿಸಿದಳು... ಅದೂ ಇಲ್ಲ.

ಹಿಂದಿನಿಂದ ಹಾರ್ನುಗಳು ಒಂದರ ಮೇಲೊಂದು ಬಿದ್ದವು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತಿದ್ದ ಅಮ್ಮ ಮಾತ್ರ ಕಿತ್ತಳೆಯ ಸಿಪ್ಪೆ ಸುಲಿಯುತ್ತ, ಕೂಗುವವರು ಕೂಗಿಕೊಳ್ಳಲಿ, ಪಾಪ ಅವರಿಗೂ ಮನೆಯಲ್ಲಿ ಯಾರ ಮೇಲೂ ಕೂಗುವ ಹಾಗಿಲ್ಲವೇನೋ ಅಂದರು.

ಎಲ್ಲಿಂದ ಬಂತೋ, ಹಳದಿ ಬಣ್ಣದ ಟೋಯಿಂಗ್ ಗಾಡಿಯೊಂದು ಎದುರಿಗೆ ಬಂದು ನಿಂತಿತು. ಇಳಿದವನು ಯಾರ ಮೇಲೂ ರೇಗಲಿಲ್ಲ. ಒಂದು ಕೈಯೆತ್ತಿ ಹಿಂದಿನ ಗಾಡಿಗಳನ್ನು ಬದಿಯಿಂದ ಸಾಗಹಾಕಿದ. ಆಮೇಲೆ ಅವಳ ಕಿಟಕಿಯ ಹತ್ತಿರ ಬಗ್ಗಿ, ಸ್ಟೀರಿಂಗ್ ಮೇಲಿದ್ದ ಬೆರಳುಗಳನ್ನು ನೋಡಿದ.

“ಕೈ ನಡುಗ್ತಿದ್ರೆ ನಡುಗಲಿ ಮೇಡಂ, ಪರವಾಗಿಲ್ಲ. ಗೇರ್ ಮಾತ್ರ ನ್ಯೂಟ್ರಲ್‌ಗೆ ಹಾಕಿ.”

ಅಷ್ಟು ಹೊತ್ತೂ ನಡುಗುತ್ತಿದ್ದ ಕೈ ಆಗ ನಿಂತಿತು. ಯಾಕೆ ನಿಂತಿತು ಎಂದು ಅವಳು ಆ ದಿನವೆಲ್ಲ ಯೋಚಿಸಿದಳು.

ಕೆಟ್ಟ ಗಾಡಿಗೆ ಕೊಂಡಿ ಸಿಕ್ಕಿಸಿ ಎಳೆಯುವುದೇ ಕೆಲಸವಾದ್ದರಿಂದ ಎಲ್ಲರೂ ಅವನನ್ನು ಕೊಂಡಿ ಎಂದೇ ಕರೆಯುತ್ತಿದ್ದರು. ಮೂವರೂ ಅವನ ಗಾಡಿಯ ಮುಂದಿನ ಸೀಟಿನಲ್ಲಿ ಒತ್ತೊತ್ತಾಗಿ ಕುಳಿತು ಗ್ಯಾರೇಜಿನ ಕಡೆ ಹೊರಟರು. ಮೂರನೇ ತಿರುವು ಬರುವಷ್ಟರಲ್ಲಿ ಅಮ್ಮ ಮನೆಯ ಕಥೆಯನ್ನೆಲ್ಲ ಅವನ ಮುಂದೆ ಹರವಿಟ್ಟಾಗಿತ್ತು. ಮಗಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವುದು, ಸಾವಿರದ ನಾನೂರು ಕಿಲೋಮೀಟರ್ ಆಚೆಯ ದೊಡ್ಡ ಆಸ್ಪತ್ರೆಯೊಂದು ಅವಳನ್ನು ಕರೆದಿರುವುದು, ಒಂದನೇ ತಾರೀಕಿನ ಬೆಳಗ್ಗೆ ಹಾಜರಾಗದಿದ್ದರೆ ಆ ಜಾಗ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುವುದು. ತನ್ನ ಮಂಡಿಯಲ್ಲಿ ಆಪರೇಷನ್ ಮಾಡಿ ಹಾಕಿದ ಕಬ್ಬಿಣವಿರುವುದರಿಂದ ಗಂಟೆಗೊಮ್ಮೆ ಇಳಿದು ನಡೆಯಬೇಕು, ಅದಕ್ಕೇ ಕಾರಿನಲ್ಲಿ ಹೋಗುವುದು. ಕಾರು ತೀರಿಕೊಂಡ ಯಜಮಾನರದು, ಹದಿನೇಳು ವರ್ಷದ್ದು, ಅದನ್ನು ಬಿಟ್ಟು ತಾನು ಬರುವುದಿಲ್ಲ.

ಹೊರಡಲು ಇನ್ನು ಇಪ್ಪತ್ನಾಲ್ಕೇ ದಿನ.

ಅವನು ಎಲ್ಲವನ್ನೂ ಕೇಳಿಸಿಕೊಂಡು, ಕವರ್ ತೆಗೆದುಕೊಂಡಿದ್ದೀರಾ ಎಂದು ಕೇಳಿದ. ಯಾವ ಕವರ್ ಅಂದಳು ಅವಳು. ದಾರಿಯಲ್ಲಿ ಗಾಡಿ ಕೆಟ್ಟರೆ ಯಾರಾದರೂ ಬಂದು ನೋಡಬೇಕಲ್ಲ, ಆಗದಿದ್ದರೆ ಎಳೆದುಕೊಂಡು ಹೋಗಬೇಕಲ್ಲ, ಅದಕ್ಕೆ ಮೊದಲೇ ಮಾಡಿಸಿಕೊಳ್ಳುವ ಬ್ರೇಕ್‌ಡೌನ್ ಕವರ್ ಎಂದು ಬಿಡಿಸಿ ಹೇಳಿದ. ಅವನ ದನಿಯಲ್ಲಿ ಅಣಕವಿರಲಿಲ್ಲ. ಆದರೂ ಅವಳಿಗೆ ಮುಖ ಬಿಸಿಯಾಯಿತು.

ಇಷ್ಟು ಹಳೆಯ ಗಾಡಿಯನ್ನು ನಂಬಿಕೊಂಡು ಹೊರಟಿದ್ದಾಳೆ, ತಲೆ ಸರಿಯಿಲ್ಲ ಅಂದುಕೊಂಡಿರುತ್ತಾನೆ... ಅಂದುಕೊಳ್ಳಲಿ. ನನಗೇನು?

ಏನೂ ಇಲ್ಲದಿದ್ದರೆ ಮರುದಿನ ಸಂಜೆ ಲ್ಯಾಬಿನಿಂದ ಮನೆಗೆ ಹೋಗುವ ಬದಲು ಅವನು ಗಾಡಿ ನಿಲ್ಲಿಸುವ ಯಾರ್ಡಿಗೆ ಯಾಕೆ ಹೋದಳೋ!

ಅಂದಿನಿಂದ ಅವಳ ಮನಸ್ಸು ಒಂದು ಕಡೆ ಕೂರಲಿಲ್ಲ. ಮೂರು ಕಂಪನಿಗಳ ಪ್ಲಾನುಗಳನ್ನು ಚೀಲದಲ್ಲಿ ಹೊತ್ತು ತಿರುಗಿದಳು. ಬಸ್ಸಿನಲ್ಲಿ ಓದಿದಳು, ಹಲ್ಲುಜ್ಜುತ್ತ ಓದಿದಳು. ಮೊದಲನೆಯವರು ಐವತ್ತು ಕಿಲೋಮೀಟರ್‌ಗಿಂತ ಮುಂದೆ ಎಳೆಯುವುದಿಲ್ಲ. ಅವಳು ಹೋಗುವ ದಾರಿಯಲ್ಲೋ ಇನ್ನೂರು ಕಿಲೋಮೀಟರ್ ಬರೀ ಬಯಲು. ಎರಡನೆಯವರು ಫೋನಿನಲ್ಲಿ ಎಲ್ಲದಕ್ಕೂ ಹೂಂ ಹೂಂ ಅಂದು, ಕೊನೆಯಲ್ಲಿ ಗಾಡಿಯ ವಯಸ್ಸು ಕೇಳಿ, ಹದಿನೈದು ದಾಟಿದ್ದರೆ ಆಗುವುದಿಲ್ಲ ಅಂದುಬಿಟ್ಟರು.

ಕೊಂಡಿ ಅವಳಿಗೆ ಇನ್ನೊಂದು ಪಾಠ ಹೇಳಿಕೊಟ್ಟಿದ್ದ. ಕಾಗದದಲ್ಲಿ ಎಲ್ಲರೂ ಒಳ್ಳೆಯವರೇ, ದಿನವೂ ಜನ ಹೆಚ್ಚಿರುವ ಹೊತ್ತಿನಲ್ಲಿ ಅವರ ನಂಬರಿಗೆ ಫೋನ್ ಮಾಡಿ ಎಷ್ಟು ಬೇಗ ಎತ್ತುತ್ತಾರೆ ನೋಡಿ, ಅಂದಿದ್ದ. ಯಾವ ಕಂಪನಿ ಕರೆದರೆ ತನ್ನಂಥವರು ಥಟ್ಟನೆ ಎದ್ದು ಹೋಗುತ್ತಾರೆ, ಯಾವುದು ಕರೆದರೆ ಟೀ ಮುಗಿಸಿ ಹೋಗುತ್ತಾರೆ ಎಂಬುದನ್ನೂ ಗುಟ್ಟಾಗಿ ಹೇಳಿದ್ದ.

ಅವಳು ದಿನವೂ ಲ್ಯಾಬಿನಲ್ಲಿ ಟೀ ಹೊತ್ತಿಗೆ ಫೋನ್ ಹಿಡಿದು ನಿಂತಳು. ಒಂದು ದಿನ ಇಪ್ಪತ್ತೆರಡು ನಿಮಿಷ ಯಾರೂ ಎತ್ತದೆ ಬರೀ ಪಿಟೀಲು ಕೇಳಿಸಿತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಮೇಣ ಗಟ್ಟಿಯಾಗಿತ್ತು. ಅದನ್ನು ಮತ್ತೆ ಕರಗಿಸಿ, ಅವಸರದಲ್ಲಿ ಹಲ್ಲು ಕೂರಿಸಿದಳು. ಲ್ಯಾಬಿನ ಯಜಮಾನರು ಆ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ, ಎಡಗಡೆಯ ಕೋರೆಹಲ್ಲು ಬಲಕ್ಕೆ ಹೋಗಿರುವುದನ್ನು ತೋರಿಸಿದರು.

“ಇದನ್ನ ಹಾಕ್ಕೊಂಡು ಆ ಅಜ್ಜಿ ನಕ್ರೆ, ಮೊಮ್ಮಕ್ಕಳು ಮನೆ ಬಿಟ್ಟು ಓಡ್ತಾರಮ್ಮ,” ಅಂದರು.

ಒಂಬತ್ತು ವರ್ಷದಲ್ಲಿ ಅವಳು ಒಮ್ಮೆಯೂ ಮಾಡದ ತಪ್ಪು ಅದು.

ಸಂಜೆ ಯಾರ್ಡಿನಲ್ಲಿ ಮಾತ್ರ ಅವಳ ಉಸಿರು ನೆಟ್ಟಗಾಗುತ್ತಿತ್ತು. ಕೊಂಡಿ ಬಾನೆಟ್ಟಿನ ಮೇಲೆ ಕಾಗದ ಹರವಿಕೊಂಡು, ಗ್ರೀಸು ತಾಗದಂತೆ ಕಿರುಬೆರಳಿನಿಂದ ಒಂದೊಂದೇ ಸಾಲು ತೋರಿಸುವನು. ಅವಳು ಸಾಲು ನೋಡುವುದಕ್ಕಿಂತ ಬೆರಳು ನೋಡುವುದೇ ಹೆಚ್ಚು. ಪ್ಲಾನು ಆರಿಸುವುದು ಮುಗಿಯದಿರಲಿ ಎಂದು ಒಳಗೊಳಗೇ ಆಸೆ. ಮುಗಿಯದಿದ್ದರೆ ಏನು ಗತಿ ಎಂದು ಅದರ ಬೆನ್ನಿಗೇ ದಿಗಿಲು.

ಹೀಗೆ ಹತ್ತು ದಿನ.

ಕೊನೆಗೆ ಮೂರನೆಯ ಕಂಪನಿಯೇ ಸರಿ ಎಂದಾಯಿತು. ಹಳೆಯ ಗಾಡಿಗೂ ಒಪ್ಪಿದರು, ಎಷ್ಟು ದೂರವಾದರೂ ಎಳೆಯುತ್ತೇವೆ ಅಂದರು. ಒಂದೇ ಮಾತೆಂದರೆ, ಅರ್ಜಿ ಕೊಟ್ಟು ಏಳು ದಿನವಾದ ಮೇಲೆಯೇ ಕವರ್ ಶುರು. ಗುರುವಾರ ಹೊರಡಬೇಕಾದರೆ ಅದರ ಹಿಂದಿನ ವಾರದ ಬುಧವಾರ ಸಂಜೆ ನಾಲ್ಕರೊಳಗೆ ಅರ್ಜಿ ಅವರ ಕೌಂಟರಿನಲ್ಲಿ ಇರಬೇಕು.

ಅವಳು ಅರ್ಜಿಯನ್ನು ತುಂಬಿದಳು. ಒಂದು ಜಾಗ ಬಿಟ್ಟಳು. ಗಾಡಿ ಅದೇ ದಿನ ರಿಪೇರಿ ಆಗದಿದ್ದರೆ ನಿಮ್ಮನ್ನೂ ಗಾಡಿಯನ್ನೂ ಎಲ್ಲಿಗೆ ತಲುಪಿಸಬೇಕು ಎಂದು ಕೇಳಿ, ಎರಡು ಚೌಕ ಹಾಕಿದ್ದರು. ಹೊರಟ ಮನೆಗೆ. ಇಲ್ಲವೇ ಹೋಗಬೇಕಾದ ಊರಿಗೆ. ಹೊರಟ ಮೇಲೆ ಬದಲಾಯಿಸುವ ಹಾಗಿಲ್ಲ.

ಪೆನ್ನು ಮೊದಲನೆಯ ಚೌಕದ ಮೇಲೆ ಹೋಗಿ ನಿಂತಿತು. ನಾಚಿಕೆಯಾಗಿ ಹಿಂದೆ ಬಂದಿತು. ಇಂಜಿನ್ ನಂಬರು ನೋಡಿ ಬರೆಯಿರಿ ಎಂದು ನೆಪ ಹೇಳಿ, ಅರ್ಜಿಯನ್ನು ಕೊಂಡಿಯ ಕೈಗೆ ಕೊಟ್ಟು ಬಂದಳು. ಅವನು ಆ ಖಾಲಿ ಜಾಗ ನೋಡಲಿ, ಏನಾದರೂ ಕೇಳಲಿ ಎಂದು ಅವಳ ಲೆಕ್ಕ.

ಅವನು ಕೇಳಲಿಲ್ಲ. ಗುರುವಾರ ಸಂಜೆ ಅರ್ಜಿ ಮನೆಗೆ ವಾಪಸ್ ಬಂದಾಗ ಎರಡನೆಯ ಚೌಕದಲ್ಲಿ ನೀಲಿ ಶಾಯಿಯ ಗುರುತು ಇತ್ತು.

ಹೋಗಬೇಕಾದ ಊರಿಗೆ.

ಅವಳು ಊಟದ ಮೇಜಿನ ಮುಂದೆ ನಿಂತೇ ಅದನ್ನು ನೋಡಿದಳು.

ಹಾಗಾದರೆ ಇಷ್ಟೇ. ಗಾಡಿ ಕೆಟ್ಟರೂ ಸರಿ, ಇವಳು ಈ ಕಡೆ ತಿರುಗಿ ಬರುವುದು ಬೇಡ... ಹತ್ತು ದಿನ ಪಾಠ ಹೇಳಿದ್ದು, ದಾರಿ ತೋರಿಸಿ ಕಳಿಸುವುದಕ್ಕೇ.

ಆರು ದಿನ ಅವಳು ಯಾರ್ಡಿನ ಕಡೆ ತಲೆ ಹಾಕಲಿಲ್ಲ. ಅವನು ಎರಡು ಸಲ ಫೋನ್ ಮಾಡಿದ. ಕೈಯಲ್ಲಿ ಮೇಣವಿದೆ ಎಂದು ತನಗೆ ತಾನೇ ಹೇಳಿಕೊಂಡು ಎತ್ತಲಿಲ್ಲ. ಕಾರಿಗೆ ಹೊಸ ಬೆಲ್ಟು ಹಾಕಿಸಿ, ಯಾರ ಕೈಯಲ್ಲೋ ಮನೆಗೆ ಕಳಿಸಿದ. ಅದಕ್ಕೂ ಮಾತಿಲ್ಲ. ಮನೆಯಲ್ಲಿ ಸಾಮಾನಿನ ಒಂದು ಪೆಟ್ಟಿಗೆ ಕಟ್ಟುವಳು, ಬಿಚ್ಚುವಳು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ.

ಬುಧವಾರ ಬೆಳಗ್ಗೆ ಅಮ್ಮನಿಗೆ ಸಾಕಾಯಿತು.

“ಈ ಹಾಲಲ್ಲೇ ಓಡಾಡಿ ಸಾವಿರದ ನಾನೂರು ಕಿಲೋಮೀಟರ್ ಮುಗಿಸಿಬಿಡ್ತೀಯ ನೀನು. ಹೋಗಿ ಅವನನ್ನೇ ಕೇಳ್ಬಾರ್ದಾ? ನೆಲದ ಟೈಲ್ಸಾದ್ರೂ ಉಳಿಯುತ್ತೆ.”

ಏನನ್ನು ಕೇಳಲಿ ಅಂದಳು ಮಗಳು.

ನನ್ನನ್ನು ಕೇಳಿದರೆ ನನಗೇನು ಗೊತ್ತು, ನಾನು ಮಂಡಿನೋವಿನ ಮುದುಕಿ ಎಂದು ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದರು. ನಿದ್ದೆಯೇನೂ ಬಂದಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಅವಳು ಯಾರ್ಡಿಗೆ ಹೋದಳು. ಆ ಗುರುತನ್ನು ಅವನ ಕೈಯಿಂದಲೇ ಹೊಡೆದುಹಾಕಿಸಿ, ಕೌಂಟರಿಗೆ ಕೊಟ್ಟು, ಕಥೆ ಮುಗಿಸಿಬಿಡಬೇಕು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದಳು. ಕೊಂಡಿ ಪೈಪು ಹಿಡಿದು ಗಾಡಿ ತೊಳೆಯುತ್ತಿದ್ದ. ಅವಳನ್ನು ನೋಡಿ ನೀರು ನಿಲ್ಲಿಸಲು ಮರೆತ. ನೀರು ಅವನ ಚಪ್ಪಲಿಯ ಮೇಲೆಯೇ ಹರಿಯಿತು.

“ಇದನ್ನ ಯಾರನ್ನ ಕೇಳಿ ಹಾಕಿದ್ರಿ?” ಅವಳು ಕಾಗದ ಚಾಚಿದಳು.

ಅವನು ನಲ್ಲಿ ಮುಚ್ಚಿ ಬಂದ. ಕೈ ಒರೆಸಿಕೊಂಡ. “ಯಾರನ್ನೂ ಕೇಳಿಲ್ಲ. ತಪ್ಪು ನಂದೇ. ಅರ್ಜಿ ನಿಮ್ದು, ನಾನು ಹಾಕ್ಬಾರ್ದಿತ್ತು.”

“ಅಷ್ಟೊಂದು ಅವಸರಾನಾ, ನನ್ನ ಕಳಿಸೋಕೆ?”

ಅವನ ಮುಖದ ಬಣ್ಣ ಇಳಿಯಿತು. ಆಮೇಲೆ, ಅವಳನ್ನು ನೋಡದೆ, ಒಬ್ಬಳ ವಿಷಯ ಹೇಳಿದ. ಮೂರು ವರ್ಷದ ಕೆಳಗೆ, ದೊಡ್ಡ ಪರೀಕ್ಷೆಯೊಂದನ್ನು ಬರೆಯಲು ಅಪ್ಪನ ಜೊತೆ ಕಾರಿನಲ್ಲಿ ಹೊರಟ ಹುಡುಗಿ. ಇನ್ನೂರು ಕಿಲೋಮೀಟರ್ ದಾಟಿದ ಮೇಲೆ ಕಾರು ಕೆಟ್ಟಿತು. ಅವರ ಕವರಿನಲ್ಲಿ ಮನೆಗೆ ಎಂದು ಬರೆದಿತ್ತು. ಇನ್ನು ಅರವತ್ತೇ ಕಿಲೋಮೀಟರ್ ಮುಂದೆ ಪರೀಕ್ಷೆಯ ಊರು, ಆದರೆ ಕಂಪನಿಯವರು ಒಪ್ಪಲಿಲ್ಲ. ಕೊಂಡಿಯೇ ಅವರನ್ನು ಹಿಂದಕ್ಕೆ ಕರೆತಂದ. ನಾಲ್ಕು ಗಂಟೆ ಆ ಹುಡುಗಿ ಅವನ ಪಕ್ಕದಲ್ಲಿ ಕುಳಿತು, ಪರೀಕ್ಷೆಯ ಊರಿನ ಕಡೆಗೇ ತಿರುಗಿ ನೋಡುತ್ತ ಬಂದಳು. ಅಳಲೂ ಇಲ್ಲ. ಈಗ ಯಾವುದೋ ಅಂಗಡಿಯ ಕೌಂಟರಿನಲ್ಲಿದ್ದಾಳೆ. ಈ ಹಳದಿ ಗಾಡಿ ಕಂಡರೆ ಒಳಗೆ ಹೋಗಿಬಿಡುತ್ತಾಳೆ.

“ಹಾಗೆ ನಿಮ್ಮನ್ನ ನಾನು ಕರ್ಕೊಂಡು ಬರೋದು ಬೇಡ ಅನ್ಸ್ತು. ಕೈ ತಾನಾಗೇ ಗುರುತು ಹಾಕ್ಬಿಡ್ತು.”

ಅವಳಿಗೆ ಹೇಳಬೇಕೆಂದುಕೊಂಡು ಬಂದದ್ದೆಲ್ಲ ಮರೆತುಹೋಯಿತು. ಉಳಿದಿದ್ದುದು ಹೇಳಬಾರದು ಎಂದುಕೊಂಡಿದ್ದ ಒಂದೇ ಒಂದು ಮಾತು.

“ನಾನು ಮನೆಗೆ ಅಂತ ಹಾಕೋಳಿದ್ದೆ.”

“ಯಾಕೆ? ಒಂದನೇ ತಾರೀಕು...”

“ಗಾಡಿ ಕೆಡಲಿ ಅಂತ ಬೇಡ್ಕೊಳ್ತಿದ್ದೆ ನಾನು. ಕೆಟ್ರೆ ವಾಪಸ್ ಎಳ್ಕೊಂಡು ಬರೋರು ನೀವೇ ಅಲ್ವಾ?”

ಹೇಳಿದ ಮೇಲೆ ಅವಳಿಗೆ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ. ಅವನು ಗಾಡಿಯ ಒದ್ದೆ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ. ಕುಳಿತು, ತಲೆ ಕೆರೆದುಕೊಂಡ. ಹನ್ನೊಂದು ವರ್ಷ ಎಂತೆಂಥ ಗುಂಡಿಗಳಿಂದ ಲಾರಿಗಳನ್ನು ಎತ್ತಿದವನು, ಒಂದು ಮಾತು ಎತ್ತಲಾರದೆ ಒದ್ದಾಡಿದ.

“ಆ ಊರಲ್ಲೂ ಗಾಡಿ ಕೆಡ್ತವೆ,” ಅಂದ ಕೊನೆಗೆ.

“ಕೆಡ್ತವೆ. ಅದಕ್ಕೆ?”

“ಎಳೆಯೋಕೆ ಜನ ಬೇಕಾಗುತ್ತೆ. ನಾಲ್ಕು ಕಡೆ ಫೋನ್ ಮಾಡಿ ಕೇಳಿದ್ದೆ. ಒಬ್ರು ಬಾ ಅಂದಿದಾರೆ. ಇಲ್ಲಿ ಈ ಗಾಡಿ ನಮ್ಮ ಭಾವ ನೋಡ್ಕೊಳ್ತಾರೆ. ಎಲ್ಲರನ್ನೂ ಕೇಳ್ದೆ...” ಅವನು ಮೊದಲ ಸಲ ತಲೆಯೆತ್ತಿ ಅವಳನ್ನು ನೆಟ್ಟಗೆ ನೋಡಿದ. “ನಿನ್ನೊಬ್ಬಳನ್ನ ಕೇಳಿಲ್ಲ. ಹಿಂದೆ ಬಿದ್ದ ಅಂದ್ಕೊಳ್ತೀಯೇನೋ ಅಂತ ಹೆದರಿಕೆ ಆಯ್ತು. ಈಗ ಕೇಳಲಾ?”

ಎರಡು ವಾರದಿಂದ ಒಂದು ಗಳಿಗೆ ನಿಲ್ಲದೆ ಸುತ್ತುತ್ತಿದ್ದ ಅವಳ ಮನಸ್ಸು ಅಲ್ಲಿ, ಆ ಒದ್ದೆ ನೆಲದ ಮೇಲೆ ಬಂದು ನಿಂತಿತು. ಕಣ್ಣು ತುಂಬಿತು, ನಗುವೂ ಬಂತು.

“ಬೇಗ ಕೇಳು. ನಾಲ್ಕಕ್ಕೆ ಕೌಂಟರ್ ಮುಚ್ತಾರೆ.”

ಅರ್ಜಿಯಲ್ಲಿದ್ದ ನೀಲಿ ಗುರುತನ್ನು ಯಾರೂ ಹೊಡೆದುಹಾಕಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅದಕ್ಕೆ ಮುದ್ರೆ ಬಿತ್ತು.

ಅಮ್ಮನಿಗೆ ವಿಷಯ ಹೇಳಿದಾಗ ಅವರು ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ. ಒಳ್ಳೆಯದಾಯಿತು, ಆದರೆ ಅಲ್ಲಿ ಅವನಿಗೊಂದು ರೂಮು ಅವನೇ ನೋಡಿಕೊಳ್ಳಲಿ, ಮದುವೆ ಆಗುವವರೆಗೂ ನಮ್ಮ ಮನೆಯಲ್ಲಿ ಜಾಗವಿಲ್ಲ ಎಂದು ಹೇಳಿ, ಬಟ್ಟೆ ಮಡಚುವುದನ್ನು ಮುಂದುವರಿಸಿದರು.

ಹೊರಡುವ ಬೆಳಗ್ಗೆ ಕೊಂಡಿ ಐದೂವರೆಗೇ ಬಂದ. ನಾಲ್ಕೂ ಚಕ್ರದ ಗಾಳಿ ನೋಡಿದ, ಸ್ಪೇರ್ ಚಕ್ರದ್ದೂ ನೋಡಿದ, ಅಮ್ಮನ ಕಾಲಿನ ಕೆಳಗೆ ದಿಂಬು ಸರಿಮಾಡಿದ. ಇನ್ನು ನೋಡುವುದಕ್ಕೆ ಏನೂ ಉಳಿಯದೆ ಅವಳ ಕಿಟಕಿಯ ಹತ್ತಿರ ಬಂದು ನಿಂತ. ಅಮ್ಮ ಕಣ್ಣು ಮುಚ್ಚಿಕೊಂಡರು.

“ದಾರೀಲಿ ಕೆಟ್ರೆ?” ಅವಳು ಮೆಲ್ಲಗೆ ಕೇಳಿದಳು.

“ಕಂಪನಿಗೆ ಫೋನ್ ಮಾಡು.”

“ಕೆಡದೇ ಇದ್ರೆ?”

“ನನಗೆ ಮಾಡು.”

ಕಾರು ದಾರಿಯಲ್ಲಿ ಒಮ್ಮೆಯೂ ಕೆಡಲಿಲ್ಲ. ಅಮ್ಮ ಇಳಿದು ನಡೆಯುವಾಗಲೆಲ್ಲ ಅವಳು ಫೋನ್ ಮಾಡಿದಳು.

ತಾಯಿ ಮಗಳು ಊರು ಬಿಟ್ಟದ್ದು ಗುರುವಾರ. ಎರಡು ವಾರ ಕಳೆದು, ಒಂದು ಸೋಮವಾರ, ಭಾವನ ಕೈಗೆ ಗಾಡಿಯ ಕೀಲಿ ಕೊಟ್ಟು, ಬೆಳಗಿನ ಬಸ್ಸಿಗೆ ಅವನೂ ಹೊರಟ.